ಆ ಕೈಯಿಂದ ಒಂದು ತುತ್ತು

"ಛೀ!"

ಗಂಡು ನೋಡೋಕೆ ಬಂದ ಹುಡುಗಿಯ ಬಾಯಿಂದ ಹೊರಟ ಮೊದಲ ಮಾತು ಇದು. ಅದೂ ಜೋರಾಗಿ! ಪಕ್ಕದ ಮೇಜಿನವರು ಏಡಿ ಕಾಲು ಬಾಯಲ್ಲಿಟ್ಟುಕೊಂಡೇ ತಿರುಗಿ ನೋಡಿದರು.

ಅವಳದೇನು ತಪ್ಪು ಬಿಡಿ. ನೀವಾಗಿದ್ದರೂ ಹಾಗೇ ಅಂತಿದ್ದಿರಿ!

ಭಾನುವಾರದ ಮಧ್ಯಾಹ್ನ. ಊರಿಗೆ ಊರೇ ಮುಗಿಬೀಳುವ ಮೀನಿನ ಹೋಟೆಲು. ಬಾಗಿಲಲ್ಲೇ ಐಸಿನ ಮೇಲೆ ಬಾಯಿ ತೆರೆದು ಮಲಗಿದ ಮೀನುಗಳು. ಒಳಗೆ ಕಾಲಿಟ್ಟರೆ ಜಿಡ್ಡು ನೆಲ ಚಪ್ಪಲಿಯನ್ನು ಹಿಡಿದು ಹಿಡಿದು ಬಿಡುತ್ತಿತ್ತು. ಒಬ್ಬ ಸಿಗಡಿ ತಲೆ ಹೀರುತ್ತಿದ್ದಾನೆ, ಇನ್ನೊಬ್ಬಳು ಮೊಣಕೈವರೆಗೆ ಇಳಿದ ಸಾರನ್ನು ನೆಕ್ಕುತ್ತಿದ್ದಾಳೆ. ಸುರ್ರ್... ಚಪ್ ಚಪ್... ಕಟಕ್!

ಅವಳು ಹಲ್ಲಿನ ಡಾಕ್ಟರು. ವಾರವಿಡೀ ಬಾಯಿಗಳನ್ನೇ ನೋಡುವವಳು. ಭಾನುವಾರವೂ ಇಷ್ಟೊಂದು ಬಾಯಿಗಳಾ ದೇವರೇ, ಅಂದುಕೊಂಡಳು.

ಅಷ್ಟರಲ್ಲಿ ಆ ಮನುಷ್ಯ ಕಣ್ಣಿಗೆ ಬಿದ್ದ.

ಜನ ಉಂಡೆದ್ದು ಹೋದ ಮೇಜಿನ ಮುಂದೆ ಅಂಗಿ ತೋಳು ಮೇಲೇರಿಸಿ ನಿಂತಿದ್ದ. ಯಾರೋ ತಿಂದು ಬಿಟ್ಟ ದೊಡ್ಡ ಮೀನಿನ ತಲೆಯನ್ನು ಎರಡೂ ಕೈಯಲ್ಲಿ ಸೀಳಿ, ಒಳಗೆ ಬೆರಳು ತೂರಿಸಿ ಕೆದಕುತ್ತಿದ್ದ. ಏನನ್ನೋ ಹೊರಗೆಳೆದು, ಕರ್ಚೀಫಿನಲ್ಲಿ ಸುತ್ತಿ, ಜೇಬಿಗೆ ಇಳಿಸಿದ.

"ಚಿಕ್ಕಮ್ಮಾ, ಅಲ್ಲಿ ನೋಡು! ಕಂಡವರ ಎಂಜಲು ತಟ್ಟೆಗೆ ಕೈ ಹಾಕ್ತಿದಾನೆ. ನೋಡೋಕೆ ಒಳ್ಳೆ ಮನೆಯವನ ಹಾಗಿದಾನೆ, ಥೂ!"

ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ನೋಡಿದಳು. ಮುಖ ಬಿಳಿಚಿಕೊಂಡಿತು.

"ಅಯ್ಯಯ್ಯೋ... ಫೋಟೋದಲ್ಲಿ ಇದ್ದಿದ್ದು ಅವನೇ ಕಣೇ!"

ಎಂಥ ಗ್ರಹಚಾರ ನೋಡಿ!

ವಾಪಸ್ ಹೋಗೋಣ ಅಂದರೆ ಅವನಾಗಲೇ ನೋಡಿಬಿಟ್ಟಿದ್ದ. ಕೈ ತೊಳೆದು, ಅಂಗಿಗೇ ಒರೆಸಿಕೊಳ್ಳುತ್ತಾ ಬಂದ. ನಗು ಮಾತ್ರ ಚೆನ್ನಾಗಿತ್ತು. ಒಪ್ಪಿಕೊಳ್ಳೋಕೆ ಅವಳಿಗೆ ಮನಸ್ಸು ಬರಲಿಲ್ಲ.

"ಕ್ಷಮಿಸಿ, ನೀವು ಬರೋದ್ರೊಳಗೆ ಒಂದು ಕೆಲಸ ಮುಗಿಸೋಣ ಅಂತ... ಏನಂದ್ರೆ, ಆ ಮೀನಿನ ತಲೇಲಿ..."

"ದಯವಿಟ್ಟು ಬೇಡ. ಊಟದ ಹೊತ್ತಲ್ಲಿ ಅದನ್ನ ಹೇಳ್ಬೇಡಿ," ಅಂದಳು. ಜೇಬಿನಿಂದ ತೆಗೆದಿದ್ದ ಕರ್ಚೀಫನ್ನು ಅವನು ಬಿಚ್ಚದೆ ಮೇಜಿನ ಮೂಲೆಗೆ ಇಟ್ಟ.

'ಕಾಲೇಜು ಮೇಷ್ಟ್ರು' ಅಂತಷ್ಟೇ ಚಿಕ್ಕಮ್ಮ ಹೇಳಿದ್ದಳು. ಎಂಜಲು ಆರಿಸೋ ಚಟ ಇದೆ ಅಂತ ಯಾರು ತಾನೇ ಹೇಳ್ತಾರೆ?

ಅವಳ ಆಸೆ ದೊಡ್ಡದೇನಲ್ಲ. ಬಂಗಲೆ ಬೇಡ, ಕಾರು ಬೇಡ. ತನ್ನ ಕೈಯಿಂದ ಕೊಟ್ಟ ಒಂದು ತುತ್ತನ್ನು ಮುಖ ಕಿವುಚದೆ ತಿನ್ನುವ ಗಂಡು ಸಿಕ್ಕರೆ ಸಾಕಿತ್ತು. ಹಿಂದಿನ ಸಂಬಂಧ ಮುರಿದದ್ದೇ ಅದಕ್ಕೆ. ನಿಶ್ಚಯವಾಗಿದ್ದ ಹುಡುಗ ಮನೆಗೆ ಊಟಕ್ಕೆ ಬಂದಿದ್ದ. ಇವಳು ಪ್ರೀತಿಯಿಂದ ಬಡಿಸಹೋದರೆ ತಟ್ಟೆ ಹಿಂದೆಳೆದುಕೊಂಡ. "ದಿನವೆಲ್ಲ ಕಂಡವರ ಬಾಯಿಗೆ ಹಾಕೋ ಕೈ. ಆ ಕೈಯಿಂದ ಕೊಟ್ಟಿದ್ದು ನನಗೆ ಸೇರಲ್ಲ."

ಗ್ಲೌಸು ಹಾಕ್ತೀನಿ ಅಂತ ಹೇಳಿದರೂ ಕೇಳಲಿಲ್ಲ. ಅವತ್ತು ಅವಳು ಎರಡೂ ಕೈಯನ್ನು ದುಪಟ್ಟಾದೊಳಗೆ ಬಚ್ಚಿಟ್ಟುಕೊಂಡು ಕೂತಿದ್ದಳು.

ಊಟ ಬಂತು. ಹುರಿದ ಮೀನು, ಹಬೆಯಾಡುವ ಏಡಿ. ಚಿಕ್ಕಮ್ಮ ಪರಿಸ್ಥಿತಿ ಸುಧಾರಿಸೋಕೆ ಹವಾಮಾನದ ಬಗ್ಗೆ ಮಾತಾಡಿದಳು, ಬಸ್ಸಿನ ಬಗ್ಗೆ ಮಾತಾಡಿದಳು, ಕೊನೆಗೆ ಏಡಿಯ ಜೊತೆ ಜಗಳಕ್ಕೆ ಇಳಿದಳು.

ಅವನು ಮಾತ್ರ ತಲೆ ಬಗ್ಗಿಸಿ ತನ್ನ ಮೀನಿನ ಮುಳ್ಳು ಬಿಡಿಸುತ್ತಿದ್ದ. ಒಂದೊಂದೇ ಮುಳ್ಳು ತೆಗೆದು, ಬೆಳ್ಳಗಿನ ತುಂಡೊಂದನ್ನು ಅವಳ ತಟ್ಟೆಯತ್ತ ಚಾಚಿದ.

"ಎಲ್ಲಾ ಮುಳ್ಳು ತೆಗೆದಿದೀನಿ. ಧೈರ್ಯವಾಗಿ ತಿನ್ನಿ."

ಅದೇ ಬೆರಳು! ತಟ್ಟೆಯನ್ನು ಸರಕ್ಕನೆ ಹಿಂದೆಳೆದುಕೊಂಡಳು.

"ಎಂಜಲು ಕೆದಕಿದ ಕೈ ಅದು! ಆ ಕೈಯಿಂದ ಕೊಟ್ಟಿದ್ದನ್ನ ನಾನು ತಿನ್ನಲ್ಲ!"

ಹೋಟೆಲಿನ ಗಲಾಟೆಯೂ ಆ ಕ್ಷಣಕ್ಕೇ ತಗ್ಗಬೇಕಿತ್ತಾ? ನಾಲ್ಕು ಮೇಜಿನವರಿಗೆ ಕೇಳಿಸಿತು. ಯಾರೋ ಕಿಸಕ್ಕನೆ ನಕ್ಕರು.

ಅವನು ತುಂಡನ್ನು ತನ್ನ ತಟ್ಟೆಗೆ ಹಾಕಿಕೊಂಡ. ಮೆಲ್ಲಗೆ ಎರಡೂ ಕೈಗಳನ್ನು ಮೇಜಿನ ಕೆಳಗೆ ಇಳಿಸಿದ.

ಅವಳಿಗೆ ಕೂರೋಕಾಗಲಿಲ್ಲ. ಎದ್ದು ಕೈ ತೊಳೆಯುವ ಕಡೆಗೆ ಹೋದಳು. ಸೋಪು ತಿಕ್ಕಿದಳು, ಮತ್ತೆ ತಿಕ್ಕಿದಳು. ಬೇಸಿನ್ನಿನಲ್ಲಿ ಯಾರೋ ಉಗಿದ ಮೀನಿನ ಚರ್ಮ ಅಂಟಿಕೊಂಡಿತ್ತು.

ಕೈ ಕೆಳಗೆ ಇಟ್ಟುಕೊಂಡನಲ್ಲ... ಯಾಕೆ ಹಾಗೆ ಇಟ್ಟುಕೊಂಡ?

ದುಪಟ್ಟಾದೊಳಗೆ ಬಚ್ಚಿಟ್ಟುಕೊಂಡ ತನ್ನದೇ ಕೈಗಳು ನೆನಪಾದವು. ಆವತ್ತು ಆ ಹುಡುಗ ಆಡಿದ ಮಾತನ್ನೇ ಇವತ್ತು ನಾನು ಆಡಿದೆನಾ? ಅದೇ ತಟ್ಟೆ ಎಳೆದುಕೊಂಡೆನಾ? ಥೂ, ನನ್ನ ಜನ್ಮಕ್ಕಿಷ್ಟು! ಅಸಹ್ಯ ಈಗ ತನ್ನ ಮೇಲೇ ಬಂತು.

ಓಡಿ ಬಂದಳು. ಅವನ ಕುರ್ಚಿ ಖಾಲಿ.

"ಹೋದ ಕಣೇ," ಅಂದಳು ಚಿಕ್ಕಮ್ಮ. "ಬೇಜಾರು ಮಾಡ್ಕೋಬೇಡಿ ಅಂತ ನನಗೇ ಸಮಾಧಾನ ಹೇಳಿ ಹೋದ. ಅಷ್ಟು ಜನರ ಮುಂದೆ ಹಾಗಾ ಅನ್ನೋದು? ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು."

ಮೇಜಿನ ಮೇಲೆ ಅವನ ಕರ್ಚೀಫು ಉಳಿದಿತ್ತು. ಬಿಚ್ಚಿದರೆ ಎರಡು ಬಿಳಿ ಚೂರು, ಅಕ್ಕಿ ಕಾಳಿಗಿಂತ ದಪ್ಪ. ಹಲ್ಲಾ? ಅಲ್ಲ. ಹಲ್ಲು ಅವಳಿಗೆ ಗೊತ್ತಿಲ್ಲವೇ?

ತಟ್ಟೆ ಎತ್ತಲು ಬಂದ ಮೀಸೆ ವೇಟರ್ ಹಣೆ ಚಚ್ಚಿಕೊಂಡ. "ಅಯ್ಯೋ, ಮೇಷ್ಟ್ರು ಕಲ್ಲು ಮರೆತು ಹೋದ್ರಾ! ಮೀನಿನ ಕಿವಿ ಒಳಗಿರೋ ಕಲ್ಲು ಮೇಡಂ ಅದು. ಮೀನುಗಾರಿಕೆ ಕಾಲೇಜಲ್ಲಿ ಪಾಠ ಮಾಡ್ತಾರೆ. ಆ ಕಲ್ಲು ನೋಡಿ ಮೀನಿನ ವಯಸ್ಸು ಹೇಳ್ತಾರಂತೆ. ದಿನಾ ತಲೆಗಳನ್ನ ನಾವೇ ಎತ್ತಿಡ್ತೀವಿ. ಇವತ್ತು ರಶ್ಶಲ್ಲಿ ಆಗಲಿಲ್ಲ. ಅಷ್ಟು ದೊಡ್ಡ ಮೀನು ಸಿಗೋದೇ ಅಪರೂಪ, ತೊಟ್ಟಿಗೆ ಹೋಗಿಬಿಡುತ್ತೆ ಅಂತ ಅವರೇ ಕೈ ಹಾಕಿದ್ರು."

ಅವಳು ಕರ್ಚೀಫನ್ನು ಮಡಚಿ ಪರ್ಸಿಗೆ ಹಾಕಿಕೊಂಡಳು. ಅದು ಜಿಡ್ಡಾಗಿತ್ತು, ನಾರುತ್ತಿತ್ತು. ಪರ್ಸ್ ಇನ್ನು ಉಪಯೋಗಕ್ಕಿಲ್ಲ ಅಂತ ಗೊತ್ತಿದ್ದೂ ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಕ್ಲಿನಿಕ್ಕಿಗೆ ಅರ್ಧ ದಿನ ರಜೆ ಹಾಕಿ ಮೀನುಗಾರಿಕೆ ಕಾಲೇಜಿನಲ್ಲಿ ಅವನ ಲ್ಯಾಬಿನ ಬಾಗಿಲು ತಟ್ಟಿದಳು. ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿಕೊಂಡಿದ್ದಳು.

ಚಿಲಕ ಹಾಕದ ಬಾಗಿಲು ತಾನೇ ತೆರೆದುಕೊಂಡಿತು. ವಾಸನೆ ಬಂದು ಮುಖಕ್ಕೆ ರಾಚಿತು! ಸ್ಪಿರಿಟ್ಟು, ಹಳೇ ಮೀನು, ಒದ್ದೆ ಗೋಣಿಚೀಲ. ಮೇಜಿನ ಮೇಲೆ ಸಾಲಾಗಿ ತಲೆಗಳು, ಎಲ್ಲದರ ಕಣ್ಣೂ ಅವಳ ಮೇಲೆಯೇ.

"ನೀವು... ಇಲ್ಲಿ?" ಅವನು ಗಾಬರಿಯಾಗಿ ಎದ್ದ. ಕೈಗಳು ತಕ್ಷಣ ಬೆನ್ನ ಹಿಂದೆ ಹೋದವು.

"ನಾನು ನಿನ್ನೆ... ನಿಮಗೆ..."

ಅಷ್ಟೇ. ಸಿಂಕಿನ ಕಡೆ ಓಡಿದಳು. ಕ್ಷಮೆ ಕೇಳೋಕೆ ಬಂದ ಹುಡುಗಿ ತಿಂಡಿಯನ್ನೆಲ್ಲ ಅವನ ಸಿಂಕಿಗೆ ಒಪ್ಪಿಸಿದಳು!

ಅವನು ಕಿಟಕಿಗಳನ್ನು ತೆರೆದ. ನೀರು ತಂದು, ಲೋಟವನ್ನು ಅವಳ ಕೈಗೆ ಕೊಡದೆ ಸಿಂಕಿನ ಅಂಚಿನ ಮೇಲಿಟ್ಟು ಮತ್ತೆ ಕೈ ಬೆನ್ನ ಹಿಂದಿಟ್ಟು ದೂರ ಸರಿದು ನಿಂತ. ಅವಳಿಗೆ ಅಳು ಬಂದದ್ದು ಅದಕ್ಕೆ.

"ದೂರ ಯಾಕೆ ನಿಂತಿದೀರಾ?"

"ವಾಸನೆ... ಗ್ಲೌಸು ಹಾಕಿದ್ರೆ ಸಣ್ಣ ಕಲ್ಲು ಜಾರಿಹೋಗುತ್ತೆ. ಬರಿಗೈಲೇ ತೆಗೀಬೇಕು. ಎಷ್ಟು ತಿಕ್ಕಿದ್ರೂ ವಾಸನೆ ಹೋಗಲ್ಲ. ನಿಮಗೆ ಅಸಹ್ಯ ಆಗಿದ್ದು ತಪ್ಪಲ್ಲ. ನಾನೇ ಮೊದಲೇ ಹೇಳ್ಬೇಕಿತ್ತು."

"ಹೇಳೋಕೆ ಬಂದ್ರಿ. ನಾನು ಬಿಡಲಿಲ್ಲ." ಅವಳು ಬಾಯೊರೆಸಿಕೊಂಡಳು. "ಅಸಹ್ಯ ಈಗಲೂ ಆಗ್ತಿದೆ, ಸುಳ್ಳು ಯಾಕೆ ಹೇಳಲಿ? ಆದ್ರೆ ಅದು ಈ ತಲೆಗಳನ್ನ ನೋಡಿ. ನಿಮ್ಮನ್ನ ನೋಡಿ ಅಲ್ಲ."

ತನ್ನ ಎರಡೂ ಕೈಗಳನ್ನು ಅವನ ಮುಂದೆ ಚಾಚಿದಳು.

"ಈ ಕೈ ಕಂಡವರ ಬಾಯಿಗೆ ಹೋಗೋ ಕೈ. ಕೀವು ನೋಡುತ್ತೆ, ಕೊಳೆತ ಹಲ್ಲು ಕೀಳುತ್ತೆ. ಈ ಕೈಯಿಂದ ಬಡಿಸಬೇಡ ಅಂದ ಒಬ್ಬ. ಎಷ್ಟು ಅತ್ತಿದೀನಿ ಗೊತ್ತಾ? ಅದೇ ಮಾತನ್ನ ನಿಮಗಂದೆ. ನನ್ನನ್ನ ಕ್ಷಮಿಸ್ಬೇಡಿ ಬೇಕಾದ್ರೆ... ಆದ್ರೆ ಆ ಕೈಯನ್ನ ಬೆನ್ನ ಹಿಂದೆ ಇಟ್ಕೋಬೇಡಿ. ನನಗೆ ನೋಡೋಕಾಗಲ್ಲ!"

ಅವನ ಕೈಗಳು ನಿಧಾನಕ್ಕೆ ಮುಂದೆ ಬಂದವು.

"ಕಲ್ಲು ತಂದಿದೀರಾ?"

ಅವಳು ಕರ್ಚೀಫು ಬಿಚ್ಚಿದಳು. ಅವನು ಒಂದು ಕಲ್ಲನ್ನು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟ. ಅವಳು ಮೂಗು ಹಿಡಿದುಕೊಂಡೇ ಬಗ್ಗಿ ನೋಡಿದಳು. ಒಳಗೆ ಬಳೆಯೊಳಗೊಂದು ಬಳೆ ಇಟ್ಟ ಹಾಗೆ ಗೆರೆಗಳು.

"ಒಂದು ಗೆರೆ ಅಂದ್ರೆ ಒಂದು ವರ್ಷ. ಇಲ್ನೋಡಿ, ಇಲ್ಲಿ ಗೆರೆ ಒತ್ತೊತ್ತಾಗಿದೆ. ಆ ವರ್ಷ ಇದಕ್ಕೆ ಕಷ್ಟ ಇತ್ತು. ಆದ್ರೂ ಬೆಳೀತು."

"ಇಷ್ಟು ಚೆಂದದ್ದು ಅಷ್ಟು ಗಲೀಜಿನ ಒಳಗಾ?" ಅಂದಳು ಮೂಗು ಬಿಟ್ಟು. ಬಿಟ್ಟ ತಕ್ಷಣ ಮತ್ತೆ ಸಿಂಕಿಗೆ ಓಡಿದಳು.

ಈ ಸಲ ಅವನು ಹಿಂದೆಯೇ ಬಂದು ಅವಳ ಜಡೆ ಹಿಡಿದು ನಿಂತ. ಪ್ರೀತಿ ಹೂದೋಟದಲ್ಲೇ ಹುಟ್ಟಬೇಕು ಅಂತ ಯಾರಾದರೂ ಬರೆದಿಟ್ಟಿದ್ದಾರಾ?

ಮುಂದಿನ ಭಾನುವಾರ ಅದೇ ಹೋಟೆಲು, ಅದೇ ಗಲಾಟೆ, ಅದೇ ಜಿಡ್ಡು ನೆಲ. ಚಿಕ್ಕಮ್ಮ ಮೂಗಿಗೆ ಸೆರಗು ಅಡ್ಡ ಹಿಡಿದು, "ಊರಲ್ಲಿ ಬೇರೆ ಹೋಟೆಲೇ ಇಲ್ವಾ?" ಅಂತ ಗೊಣಗುತ್ತಾ, ಎರಡನೇ ಏಡಿಗೆ ಹೇಳಿದಳು.

ಮೀಸೆ ವೇಟರ್ ಪಕ್ಕದ ಮೇಜಿನ ಮೀನಿನ ತಲೆಯೊಂದನ್ನು ತಟ್ಟೆಯಲ್ಲಿ ತಂದಿಟ್ಟ. ಅವನು ಕೈ ಚಾಚುವ ಮೊದಲೇ ಅವಳು ಕುರ್ತಾದ ತೋಳು ಮೇಲೇರಿಸಿದಳು.

"ನಾನು ತೆಗೀತೀನಿ."

"ಬೇಡ ಡಾಕ್ಟ್ರೇ, ನಿಮಗೆ..."

"ಸುಮ್ನಿರಿ. ಹಲ್ಲು ಕೀಳೋಳು ನಾನು."

ಬೆರಳು ತೂರಿಸಿದಳು. ಒಳಗೆ ಮೆತ್ತಗೆ, ಜಾರು ಜಾರು... ಅಬ್ಬಾ! ಕಣ್ಣಲ್ಲಿ ನೀರು ಬಂತು. "ಛೀ, ಛೀ, ಛೀ!" ಅನ್ನುತ್ತಲೇ ಎಳೆದಳು. ಬೆರಳ ತುದಿಯಲ್ಲಿ ಬಿಳಿ ಕಲ್ಲು! ಚಿಕ್ಕಮ್ಮ ಏಡಿ ಕೆಳಗಿಟ್ಟು ಚಪ್ಪಾಳೆ ತಟ್ಟಿದಳು.

ಅವಳು ಕೈ ತೊಳೆದು ಬಂದಳು. ಮೂಸಿ ನೋಡಿದಳು. ವಾಸನೆ ಹಾಗೇ ಇತ್ತು. ಅವನು ಹೇಳಿದ್ದು ನಿಜ.

ತನ್ನ ತಟ್ಟೆಯ ಮೀನಿನಿಂದ ಮುಳ್ಳು ಬಿಡಿಸಿ, ಒಂದು ತುತ್ತು ಹಿಡಿದು ಅವನ ಮುಂದೆ ಚಾಚಿದಳು. ಇದೇ ಕೈ. ಬಾಯಿಗಳಿಗೆ ಹೋದ ಕೈ, ಈಗ ಎಂಜಲು ತಲೆಗೂ ಹೋದ ಕೈ.

"ನನಗೆ ನೀವು ಬೇಕು," ಅಂದಳು. "ಈ ಕೈ ನಿಮಗೆ ಸೇರುತ್ತಾ?"

ಅವನು ಒಂದು ಕ್ಷಣವೂ ಯೋಚಿಸಲಿಲ್ಲ. ಮುಂದೆ ಬಗ್ಗಿ ತುತ್ತನ್ನು ಬಾಯಿಗೆ ತೆಗೆದುಕೊಂಡ. ಕಣ್ಣು ಮುಚ್ಚಿ ಅಗಿದ. ಮುಖ ಕಿವುಚಲಿಲ್ಲ.

ಅವಳ ಕೆನ್ನೆ ಮೇಲೆ ನೀರು ಇಳಿಯಿತು. ಒರೆಸಿಕೊಳ್ಳೋಣ ಅಂದರೆ ಕೈ ಪೂರ್ತಿ ಮೀನು.

"ಕೈ ಇನ್ನೊಂದ್ಸಲ ತೊಳ್ಕೊಂಡು ಬರ್ಲಾ?"

"ಇನ್ನೊಂದು ತುತ್ತು ಕೊಟ್ಟು ಹೋಗಿ," ಅಂದ ಅವನು.