ಸಾಹೇಬನ ಬಂಗಾರದ ಗಡಿಯಾರ

೧೯೭೮ರ ನವೆಂಬರ್ ೧೪, ಬೆಳಿಗ್ಗೆ ಒಂಬತ್ತಕ್ಕೆ ಹಿಂದವಾಡಿಯ ಕಟ್ಟಿಗೆ ವ್ಯಾಪಾರಿ ಉಳವಪ್ಪ ಠಾಣೆಗೆ ಬಂದು ಮೇಜು ಗುದ್ದಿದ. ಮೂರು ದಿನದಿಂದ ತೆರೆಯದ ಕಪಾಟಿನಲ್ಲಿದ್ದ ಬಂಗಾರದ ಕಿಸೆ ಗಡಿಯಾರ ಕಳುವಾಗಿತ್ತು. ಲಂಡನ್ನಿನಲ್ಲಿ ತಯಾರಾದದ್ದು, ೧೯೨೬ರಲ್ಲಿ ತನ್ನ ತಂದೆಗೆ ಖಾನಾಪುರದ ಕಾಡು ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಸಾಹೇಬ ಮೆಚ್ಚಿ ಕೊಟ್ಟದ್ದು ಎಂದ. ಇನ್‌ಸ್ಪೆಕ್ಟರ್ ಈರಯ್ಯ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಕಾಸಿಮಸಾಬನೊಂದಿಗೆ ಸ್ಥಳಕ್ಕೆ ಹೋದರು.

ಅದೇ ಕಪಾಟಿನಲ್ಲಿ ಬಂಗಾರದ ಸರ, ಬೆಳ್ಳಿ ತಂಬಿಗೆ ಇದ್ದಲ್ಲೇ ಇದ್ದವು. ಇವನೆಂಥ ಕಳ್ಳನಪ್ಪಾ!

"ಈ ಗಡಿಯಾರ ಯಾರರ ಕೇಳಿದ್ರೇನ್ರಿ?"

ಈರಯ್ಯನವರ ಪ್ರಶ್ನೆಗೆ ಉಳವಪ್ಪ ಇಲ್ಲವೆಂದ. ಅವನು ಹೊರಗೆ ಹೋದ ಮೇಲೆ ಹೆಂಡತಿ ಗಂಗಾದೇವಿ ದನಿ ತಗ್ಗಿಸಿದಳು.

"ಕುರುಬರ ಹಟ್ಟಿಯಿಂದ ತುಪ್ಪ ತರೋ ಭರಮಪ್ಪ ಕೇಳಿದ್ದರಿ. ಅಪ್ಪ ಸಾಯಾಕ ಹತ್ಯಾನ, ಒಮ್ಮಿ ಅವನ ಕೈಯಾಗ ಕೊಟ್ಟು ತಿರುಗಿ ತರ್ತೀನಿ ಅಂತ ಕಾಲು ಹಿಡಿದ. ನಮ್ಮವರು ಒದ್ದು ಹೊರಗ ಹಾಕಿದ್ರು."

ಮಧ್ಯಾಹ್ನ ಖಾನಾಪುರದಾಚೆಯ ಕುರುಬರ ಹಟ್ಟಿ. ಭರಮಪ್ಪ ತಲೆ ಬೋಳಿಸಿಕೊಂಡು ಅಂಗಳದಲ್ಲಿ ಕುಳಿತಿದ್ದ.

"ಗಡಿಯಾರ ಎಲ್ಲೈತಿ?"

"ಅಪ್ಪನ ಹಂತ್ಯಾಕ ಐತ್ರಿ."

"ಅಪ್ಪ ಎಲ್ಲಿ?"

ಅವನು ಹೊಲದಂಚಿನ ಹಸಿ ಮಣ್ಣಿನ ಗುಡ್ಡೆ ತೋರಿಸಿದ. ಅಪ್ಪ ಸಿದರಾಯನನ್ನು ಹಿಂದಿನ ದಿನವಷ್ಟೇ ಹೂಳಿದ್ದರು.

"ಕಾಡಕೋಣ ತಿವಿದ ಸಾಹೇಬನ್ನ ನಮ್ಮಪ್ಪ ಹೆಗಲ ಮ್ಯಾಲ ಹೊತ್ತು ತಂದಿದ್ದರಿ. ಸಾಹೇಬ ಗಡಿಯಾರ ಅವಗ ಕೊಟ್ಟ. ಕುರುಬರ ಮನ್ಯಾಗ ಬಂಗಾರ ಕಂಡ್ರ ಪೊಲೀಸ್ರು ಬರ್ತಾರ ಅಂತ ಹೆದರಿಸಿ ಉಳವಪ್ಪನ ಅಪ್ಪ ಇಸ್ಕೊಂಡ."

"ಸಾಕ್ಷಿ?"

"ಅಪ್ಪ ಒಬ್ಬನ ಇದ್ದರಿ."

"ತಿರುಗಿ ಯಾಕ ಕೊಡಲಿಲ್ಲ?"

"ಕೊಡಬೇಕಂತನ ಇದ್ನಿರಿ. ಅಪ್ಪ ಸಾಯೂವಾಗ ಅದನ್ನ ಹಿಡಕೊಂಡ ಮುಷ್ಟಿ ಹಂಗ ಉಳೀತು. ಬಿಡಿಸಾಕ ಮನಸಾಗಲಿಲ್ಲ." ಭರಮಪ್ಪ ಕೈ ಮುಗಿದ. "ನನ್ನ ಜೇಲಿಗೆ ಹಾಕ್ರಿ. ಅಪ್ಪನ್ನ ಮಾತ್ರ ಎಬ್ಬಿಸಬ್ಯಾಡ್ರಿ."

ಈರಯ್ಯ ಟೊಪ್ಪಿಗೆ ತೆಗೆದು ಆ ಗುಡ್ಡೆಯತ್ತ ನೋಡಿದರು. ಆದರೆ ಮಾಲು ವಶವಾಗಲೇಬೇಕು. ಭರಮಪ್ಪನನ್ನು ಬಂಧಿಸಿದರು, ಅನುಮತಿ ಪಡೆದು ಮರುದಿನ ತಹಶೀಲ್ದಾರರ ಎದುರು, ಪಂಚರ ಸಮಕ್ಷಮ ಕುಣಿ ತೆರೆಸಿದರು. ಉಳವಪ್ಪ ಮೂಗಿಗೆ ಕರವಸ್ತ್ರ ಹಿಡಿದು ದೂರ ನಿಂತಿದ್ದ. ಒಳಗಿಳಿದ ಕಾಸಿಮಸಾಬ ಆ ಕೈ ಮುಟ್ಟಿ ಹಿಂದೆ ಸರಿದ.

"ನನ್ನ ಕೈಲೆ ಆಗೂದಿಲ್ರಿ, ಸಾಹೇಬ್ರ."

"ಬೇಡಿ ಬಿಚ್ಚ್ರಿ. ನಾನ ತಗೀತೀನಿ," ಎಂದ ಭರಮಪ್ಪ.

ಇಳಿದು ಒಂದೊಂದೇ ಬೆರಳು ಬಿಡಿಸಿದ. "ಕೊಡೋ ಯಪ್ಪಾ," ಎಂದ, ಮಗುವನ್ನು ರಮಿಸುವಂತೆ. "ಪೊಲೀಸ್ರು ಬಂದಾರ."

ಗಡಿಯಾರ ನಿಂತುಹೋಗಿತ್ತು. ಆರೋಪಿಯಿಂದ ವಶ ಎಂದು ಬರೆಯಿರಿ ಎಂದು ಉಳವಪ್ಪ ಅವಸರಿಸಿದ. ಈರಯ್ಯ ಅವನತ್ತ ನೋಡಲೂ ಇಲ್ಲ. ಪಂಚನಾಮೆಯಲ್ಲಿ ಸ್ಫುಟವಾಗಿ ಬರೆದರು: ಸಿದರಾಯನ ಬಲಗೈಯಿಂದ ತೆಗೆದುಕೊಳ್ಳಲಾಯಿತು.