ಪುಟ್ಟಲಕ್ಷ್ಮಿಯ ಹಿಪ್ಪುನೇರಳೆ ಮರಗಳು

"ಅಲ್ಲೇ ನಿಂತ್ಕೊಳ್ಳಿ ಸಾರ್! ಒಳಕ್ಕೆ ಕಾಲಿಟ್ಟೀರಾ, ಜೋಕೆ!"

ರೇಷ್ಮೆ ಹುಳದ ಮನೆ ಬಾಗಿಲಲ್ಲಿ ಪುಟ್ಟಲಕ್ಷ್ಮಿ ಎರಡೂ ಕೈ ಅಡ್ಡ ಹಿಡಿದಿದ್ದಳು. ನರೇಂದ್ರನ ಮುಖ ಸಪ್ಪಗಾಯಿತು. ಬರಗಾಲ ತಡೆದುಕೊಳ್ಳುವಂತೆ ತೋಟ ಮಾಡುವುದನ್ನು ರೈತರಿಗೆ ಕಲಿಸುವ ಸಂಸ್ಥೆಯವನು ಅವನು. ತಿಪ್ಪಸಂದ್ರದ ಈ ಮನೆಗೆ ಬರುವಾಗ ಮಾತ್ರ ಇಸ್ತ್ರಿ ಶರ್ಟು. ಇವತ್ತು ಹೊಸ ಬಾಡಿ ಸ್ಪ್ರೇ ಬೇರೆ.

"ನಾನೇನು ತಪ್ಪು ಮಾಡಿದೆ?"

"ಸೆಂಟು ವಾಸ್ನೆಗೆ ಹುಳ ಸೊಪ್ಪು ಮುಟ್ಟಾಕಿಲ್ಲ ಕಣಪ್ಪ," ಎಂದು ಅವಳ ಅವ್ವ ಬೋರಮ್ಮ ನಕ್ಕಳು. "ತೊಟ್ಟಿತಾವ ಮೈ ತೊಳ್ಕೊಂಡ್ ಬಾ."

"ಒಂದೇ ಬಿಂದಿಗೇಲಿ!" ಎಂದಳು ಮಗಳು.

ಒದ್ದೆ ತಲೆಯಲ್ಲಿ, ಬರೀ ಬನಿಯನ್‌ನಲ್ಲಿ ಬಂದವನನ್ನು ಮೇಲಿಂದ ಕೆಳಗೆ ನೋಡಿ ಅವಳು ತುಟಿ ಕಚ್ಚಿ ನಗು ತಡೆದಳು. ಆ ನಗುವಿಗಾಗಿ ದಿನಾ ಬೈಸಿಕೊಳ್ಳಲೂ ಅವನು ತಯಾರಿದ್ದ.

ಎರಡು ವರ್ಷದ ಹಿಂದೆ ಅವನ ಮಾತು ನಂಬಿ ಅವಳು ಒತ್ತೊತ್ತಾಗಿದ್ದ ಹಿಪ್ಪುನೇರಳೆ ಗಿಡ ಕಿತ್ತು, ದೂರದೂರಕ್ಕೆ ನೆಟ್ಟು ಮರವಾಗಿ ಬೆಳೆಸಿದ್ದಳು. ತೇವ ಆರದಿರಲೆಂದು ಸಾಲಿನ ನಡುವೆ ಗುಂಡಿ ತೆಗೆದು ಕಸಕಡ್ಡಿ ತುಂಬಿದ್ದಳು, ಮಳೆನೀರಿಗೆ ಹೊಂಡ ತೋಡಿಸಿದ್ದಳು. ಪಕ್ಕದ ತೋಟದ ಪುಟ್ಟಸ್ವಾಮಿ ಊರೆಲ್ಲ ಹೇಳಿಕೊಂಡು ನಕ್ಕಿದ್ದ. ಈಗ ಮೂರು ತಿಂಗಳಿಂದ ಮಳೆಯಿಲ್ಲ, ಬೋರ್‌ವೆಲ್ ಬತ್ತಿದೆ. ಹುಳಕ್ಕೆ ಇನ್ನೊಂದು ವಾರಕ್ಕೆ ಸೊಪ್ಪು ಸಾಲದಿದ್ದರೆ ಬೆಳೆ ಹೋದಂತೆಯೇ.

"ಹಂಗೇನಾರ ಆದ್ರೆ ತೋಟ ಬುಟ್ಟು ಹಾರೋಹಳ್ಳಿ ಫ್ಯಾಕ್ಟರಿಗೆ ಹೋಯ್ತೀನಿ ಅಂತ ಅವ್ವಂಗೆ ಮಾತು ಕೊಟ್ಟಿವ್ನಿ," ಎಂದಳು.

ಅಂದಿನಿಂದ ಅವನೂ ಬೆಳಗಾದರೆ ಕುಡುಗೋಲು ಹಿಡಿದು ರೆಂಬೆ ಕತ್ತರಿಸಿದ. ಸಾವಿರಾರು ಹುಳ ಸೊಪ್ಪು ಮೇಯುವ ಸದ್ದು ಮಳೆ ಹನಿದಂತೆ ಕೇಳುತ್ತದೆ. ಮಳೆಯಿಲ್ಲದ ವರ್ಷ ಅದನ್ನು ಕೇಳುತ್ತಾ ಇಬ್ಬರೂ ಪಕ್ಕಪಕ್ಕ ನಿಲ್ಲುತ್ತಿದ್ದರು.

ಎಂಟನೇ ದಿನ ಹುಳ ಮೇಯುವುದು ಬಿಟ್ಟು ಹಣ್ಣಾಯಿತು. ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಟ್ಟಿದ್ದೂ ಆಯಿತು. ಮರದಲ್ಲಿ ಇನ್ನೂ ಹಸಿರು ಸೊಪ್ಪು ಉಳಿದಿತ್ತು!

ಪುಟ್ಟಸ್ವಾಮಿ ತಲೆ ಕೆರೆಯುತ್ತಾ ಬಂದ. "ನಮ್ಮ ಹುಳ ಉಪಾಸ ಬಿದ್ದವೆ ಕಣವ್ವ, ಎರಡು ಹೊರೆ ಸೊಪ್ಪು ಕೊಡು. ನನ್ನ ತೋಟಾನೂ ಹಿಂಗೇ ಮಾಡೋದ್ನ ಒಸಿ ಹೇಳ್ಕೊಡು."

"ಕುಯ್ಕೊಳ್ಳಿ ಮಾವ," ಎಂದಳು. ಗೆದ್ದ ಖುಷಿಗೆ ಅವಳ ಕಣ್ಣು ತುಂಬಿ ಬಂತು.

ಪುಟ್ಟಸ್ವಾಮಿ ಅತ್ತ ಹೋದದ್ದೇ ತಡ, ನರೇಂದ್ರ ಬಾಯಿಬಿಟ್ಟ. "ನಿಮ್ಮನ್ನ ಮದುವೆ ಆಗ್ಬೇಕು ಅಂತ ತುಂಬಾ ಆಸೆ ನಂಗೆ. ಚನ್ನಪಟ್ಟಣದಲ್ಲಿ ನಮ್ಮನೆ ಇದೆ..."

ಅವಳು ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಇಷ್ಟು ಕಷ್ಟಪಟ್ಟು ಉಳಿಸ್ಕೊಂಡಿರೋ ತೋಟ ಇದು. ಬುಟ್ಟು ನಾನೆಲ್ಲಿಗೂ ಬರಾಕಿಲ್ಲ. ನೀವೇ ಬಂದ್ಬುಡಿ."