ಮೇಕೆಯ ಕಾಲಿನ ಗಂಟು

ಫೆಬ್ರವರಿ ಹನ್ನೊಂದು, ಬೆಳಿಗ್ಗೆ 9.20. ಮಧುಗಿರಿ ಠಾಣೆಗೆ ಬಂದ ಶಿವರುದ್ರಮ್ಮ ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನಮ್ಮೆಜಮಾನ್ರು ನಿನ್ನೆ ಮಧ್ಯಾಹ್ನ ಹೋದೋರು ಬಂದಿಲ್ಲ ಕಣಮ್ಮ. ಇನ್ಸುಲಿನ್ ಮನೇಲೇ ಐತೆ. ಅದಿಲ್ದೆ ಜೀವ ತಡಿಯಾಕಿಲ್ಲ."

ಪಿಎಸ್‌ಐ ಗಂಗಾಂಬಿಕಾಳ ಪೆನ್ನು ನಿಂತಿತು. ಕಾಣೆಯಾದವರು ಅಡವಯ್ಯ, ಮುರಿದ ಮೂಳೆಗೆ ಬಿದಿರಿನ ದಬ್ಬೆ ಕಟ್ಟುವವರು. ಒಂಬತ್ತನೇ ವಯಸ್ಸಿನಲ್ಲಿ ಗಂಗಾಂಬಿಕಾ ಅಣ್ಣ ದೇವರಾಜುವನ್ನು ಹುಣಸೇಮರದಿಂದ ತಳ್ಳಿದ್ದಳು. ಅವನ ಬಲಗೈ ಕೂಡಿಸಿದ್ದು ಇವರೇ. ಕೈ ಸೊಟ್ಟಗಾಗಿದ್ದರೆ ಅವನಿಗೆ ಪೊಲೀಸ್ ಕೆಲಸ ಸಿಗುತ್ತಿರಲಿಲ್ಲ. ಮನೆಯಲ್ಲಿ ಅವನು ಹೇಳಿದ್ದು ಮಾತ್ರ "ಕಾಲು ಜಾರಿತು" ಎಂದು.

ಈಗ ಅವನು ಕೊರಟಗೆರೆಯಲ್ಲಿ ಪಿಎಸ್‌ಐ. ಕಳ್ಳನನ್ನು ಇಬ್ಬರಲ್ಲಿ ಯಾರು ಮೊದಲು ಹಿಡಿದರು ಎಂಬ ಜಗಳ ಹಬ್ಬದೂಟದಲ್ಲೂ ನಿಲ್ಲುತ್ತಿರಲಿಲ್ಲ.

ಎಫ್‌ಐಆರ್ ಆಯಿತು. 10.40ಕ್ಕೆ ಕಾನ್‌ಸ್ಟೆಬಲ್ ರಂಗೇಶ್ ಅಂಗಡಿಯೊಂದರ ಕ್ಯಾಮೆರಾದಲ್ಲಿ ಅಡವಯ್ಯನವರನ್ನು ಕಂಡ. ಕೆಂಪು ಮೊಪೆಡ್ಡಿನ ಹಿಂದೆ ಕೂತು ಕೊಳಾಲದ ಕಡೆ ಹೋಗಿದ್ದರು. ನಂಬರು ಕಾಣಲಿಲ್ಲ. ಕೊಳಾಲ ಅಣ್ಣನ ಸರಹದ್ದು. ಹಲ್ಲು ಕಚ್ಚಿ ಫೋನ್ ಮಾಡಿದಳು.

"ಏನವ್ವ, ಮಧುಗಿರಿಯೋರಿಗೆ ನಮ್ಮ ನೆನಪಾಯ್ತಾ?"

"ಅಡವಯ್ಯನೋರು ಕಾಣ್ತಿಲ್ಲ ಕಣಣ್ಣ."

ಅವನು ಮತ್ತೆ ಕೆಣಕಲಿಲ್ಲ. "ಹೊರಟೆ" ಎಂದ.

ಕೊಳಾಲದಲ್ಲಿ ಅವಳು ಮನೆಮನೆ ಮೊಪೆಡ್ ವಿಚಾರಿಸುತ್ತಿದ್ದರೆ ಅಣ್ಣ ರಸ್ತೆ ಬದಿ ಕಾಲಿಗೆ ದಬ್ಬೆ ಕಟ್ಟಿಸಿಕೊಂಡು ಕುಂಟುತ್ತಿದ್ದ ಮೇಕೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

"ಮೇಕೆ ವ್ಯಾಪಾರಕ್ಕೆ ಬಂದ್ಯಾ?"

"ಲೇ, ಈ ಗಂಟು ನೋಡು. ಎಡಕ್ಕೆ ಎರಡು ಸುತ್ತು, ತುದಿ ಒಳಕ್ಕೆ. ನಲವತ್ತು ದಿನ ಕೈಮೇಲೆ ಹೊತ್ತಿದೀನಿ, ಮರೀತೀನಾ? ಪಟ್ಟಿಗೆ ಬಳಿದ ಮೊಟ್ಟೆ ಲೋಳೆ ಇನ್ನೂ ಒಣಗಿಲ್ಲ."

ಮೇಯಿಸುತ್ತಿದ್ದ ಹೆಂಗಸು ಹೇಳಿದಳು: "ನಮ್ಮದಲ್ಲ ಸ್ವಾಮಿ, ತೋಟದ ಮನೆ ಪೆದ್ದಣ್ಣಂದು. ಬೆಳಿಗ್ಗೆ ಕಾಲು ಕಟ್ಟಿಸಿ ಮೇಯಾಕೆ ಬುಟ್ಟ."

1.15ಕ್ಕೆ ತೋಟದ ಮನೆಯ ಬೀಗ ಒಡೆಸಿದರು. ಬಾಯಿ ಒಣಗಿ ಸುಸ್ತಾದ ಅಡವಯ್ಯನವರ ಪಕ್ಕದಲ್ಲಿ, ತೊಡೆಗೆ ದಬ್ಬೆ ಕಟ್ಟಿಸಿಕೊಂಡ ಪೆದ್ದಣ್ಣನ ಏಳು ವರ್ಷದ ಮಗಳು. ಜೀಪಿನಲ್ಲಿ ತಂದಿದ್ದ ಇನ್ಸುಲಿನ್ ಗಂಗಾಂಬಿಕಾಳೇ ಚುಚ್ಚಿದಳು.

ಅಂಗಳದಲ್ಲೇ ಇದ್ದ ಪೆದ್ದಣ್ಣ ಓಡಲಿಲ್ಲ.

"ಯಾಕೆ ಕೂಡಾಕ್ದೆ?" ದೇವರಾಜು ಕೇಳಿದ.

"ನನ್ನ ಕೈಲಾಗಾಕಿಲ್ಲ, ಆಸ್ಪತ್ರೆಗೆ ಕರ್ಕೊಂಡೋಗು ಅಂದ್ರು ಇವ್ರು. ದೊಡ್ಡ ಮಗನ ಕಾಲು ಆಸ್ಪತ್ರೇಲಿ ತೆಗೆದ್ಬುಟ್ರು ಸ್ವಾಮಿ. ಇವಳ್ದೂ ಹೋದ್ರೆ? ವಾಸಿ ಮಾಡೋಗಂಟ ಬುಡಾಕಿಲ್ಲ ಅಂತ ಕೂಡಾಕ್ದೆ."

"ಹೊಡೀಬೇಡಿ ಕಣ್ರಪ್ಪ," ಅಡವಯ್ಯ ಎಂದರು. "ಮೂಳೆ ಅಲುಗಾಡ್ದಂಗೆ ಕಟ್ಟಿದೀನಿ. ಮಗೀನ ಬೇಗ ಕಳಿಸಿ."

ಪಂಚನಾಮೆ ಮುಗಿಸಿ ಪೆದ್ದಣ್ಣನನ್ನು ಬಂಧಿಸಿದರು. ದೇವರಾಜು ಮಗುವನ್ನು ತುಮಕೂರಿನ ಆಸ್ಪತ್ರೆಗೆ ಕರೆದೊಯ್ದ.

ಸಂಜೆ 5.50ಕ್ಕೆ ಮಧುಗಿರಿ ಠಾಣೆಗೆ ಅವನ ಫೋನು ಬಂತು. "ಕಾಲು ಉಳೀತು ಕಣೆ. ಕಟ್ಟಿದ ಕೈ ಯಾರದು ಅಂತ ಡಾಕ್ಟ್ರೇ ಕೇಳಿದ್ರು."

ಸುದ್ದಿ ಕೇಳಿ ಪೆದ್ದಣ್ಣ ಲಾಕಪ್ಪಿನ ಕಂಬಿ ಹಿಡಿದು ಗಳಗಳ ಅತ್ತ. ಹೇಳಿಕೆ ಕೊಡಲು ಬಂದು ಕೂತಿದ್ದ ಅಡವಯ್ಯನವರಿಗೆ ಅಲ್ಲಿಂದಲೇ ಕೈಮುಗಿದ. ಗಂಗಾಂಬಿಕಾ ಡೈರಿಯಲ್ಲಿ ಬರೆದಳು: ಕೃತ್ಯಕ್ಕೆ ಕಾರಣ, ಮಗಳ ಕಾಲಿನ ಭಯ. ಸುಳಿವು ಪತ್ತೆ ಮಾಡಿದವರು, ಪಿಎಸ್‌ಐ ದೇವರಾಜು.

ಫೋನು ಇನ್ನೂ ಕಿವಿಯಲ್ಲೇ ಇತ್ತು.

"ಅಣ್ಣ, ಅವತ್ತು ಅಪ್ಪಂಗೆ ನನ್ನ ಹೆಸರು ಹೇಳ್ಲಿಲ್ಲ ನೀನು. ಅದಕ್ಕೆ ಇವತ್ತು ಕೈ ಮುಗೀತಿದೀನಿ."



"ಹೇಳಿದ್ರೆ ನಿಂಗೆ ಹುಣಸೇ ಬರಲಲ್ಲೇ ಬೀಳ್ತಿತ್ತು ಕಣೆ. ನಂಗೆ ಕೈ ನೋವೇ ಸಾಕಾಗಿತ್ತು."